ಕಂಪನಿ ಮನೆಯ ಸಂಬೋಧನೆಗಳು

1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಜನ್ಮತಾಳಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು, ಪರದೆ ಪೆಟ್ಟಿಗೆಗಳನ್ನು ಹೇರಿಕೊಂಡು ಊರಿಂದೂರಿಗೆ ಮೊಕ್ಕಾಂ ಬದಲಿಸುತ್ತ ಸಾಗಿದ ಹಾಗೆಲ್ಲ, ತನ್ನ ದೀರ್ಘನಾಮವನ್ನು ಕರಪತ್ರಗಳಿಗೆ ಬಿಟ್ಟುಕೊಟ್ಟು, ಜನರ ಬಾಯಲ್ಲಿ ಬರಿಯ 'ಗುಬ್ಬಿ ಕಂಪನಿ'ಯಾಗಿ ನೆಲೆಗೊಂಡಿತು. ಬಾಲಕನಾಗಿ ಅದನ್ನು ಸೇರಿ, ಕಾಲಾಂತರದಲ್ಲಿ ಅದರ ಒಡೆಯನಾದ ವೀರಣ್ಣನವರೂ ಗುಬ್ಬಿ ವೀರಣ್ಣನವರೇ ಆದರು. ನಮ್ಮ ವೃತ್ತಿರಂಗಭೂಮಿಯ ಚರಿತ್ರೆಯನ್ನು ಬರೆಯುವವರು ನಾಟಕಗಳ ಪಟ್ಟಿಯನ್ನೂ ನಟರ ಬಿರುದುಗಳನ್ನೂ ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆದರೆ ಆ ನಟರು ಪರದೆಯ ಹಿಂದೆ ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಿದ್ದರೆಂಬುದೂ ಚರಿತ್ರೆಯೇ ಎಂದು ನಾನು ಭಾವಿಸುತ್ತೇನೆ. ನೂರಾರು ಮಂದಿ ವರ್ಷಗಟ್ಟಲೆ ಒಂದೇ ಬಿಡಾರದಲ್ಲಿ ಉಂಡು, ಮಲಗಿ, ಹಗಲು ತಾಲೀಮು ನಡೆಸಿ, ರಾತ್ರಿ ಬಣ್ಣ ಹಚ್ಚಿ ದುಡಿದ ಆ ಸಮೂಹದ ಒಳನಡೆಯು ಅವರ ಕರೆಗಳಲ್ಲಿ ವ್ಯಕ್ತವಾಗುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ವ್ಯಕ್ತವಾಗುವುದಿಲ್ಲ.

ಕಂಪನಿಗೆ ಬಂದವನಿಗೆ ಮೊದಲು ಅಂಟಿಕೊಳ್ಳುತ್ತಿದ್ದುದು ಅವನ ಊರು. ಉತ್ತರ ಕರ್ನಾಟಕದಲ್ಲಂತೂ ಇದು ನಿಯಮವೇ ಆಗಿತ್ತೆನ್ನಬೇಕು: ಶಿರಹಟ್ಟಿಯ ವೆಂಕೋಬರಾಯರು, ಹಂದಿಗನೂರಿನ ಸಿದ್ರಾಮಪ್ಪನವರು, ಸವದತ್ತಿ ಸೀಮೆಯ ಏಣಗಿಯಿಂದ ಹೊರಟು ಕಲಾವೈಭವ ನಾಟ್ಯಸಂಘವನ್ನು ಕಟ್ಟಿ ನಡೆಸಿದ ಬಾಳಪ್ಪನವರು, ಇವರೆಲ್ಲರ ಮನೆತನದ ಅಡ್ಡಹೆಸರುಗಳು ಹಿಂದೆ ಸರಿದು, ಊರ ಹೆಸರುಗಳೇ ಮುಂದೆ ನಿಂತವು. ಒಂದೇ ಬಿಡಾರದಲ್ಲಿ ಇಬ್ಬರು ಬಸಪ್ಪಂದಿರೋ ಮೂವರು ರಾಮಣ್ಣಂದಿರೋ ಇದ್ದಲ್ಲಿ ಇಂಥದೊಂದು ಗುರುತು ಅವಶ್ಯವೇ ಆಗಿತ್ತು. ಆದರೆ ಅದರಿಂದ ಇನ್ನೂ ದೊಡ್ಡದೊಂದು ಉಪಕಾರವಾಯಿತು. ಊರಿನಲ್ಲಿದ್ದಾಗ ಜಾತಿಯಿಂದಲೋ ಮನೆತನದ ಕಸುಬಿನಿಂದಲೋ ಕರೆಯಿಸಿಕೊಳ್ಳುತ್ತಿದ್ದ ಹುಡುಗನು, ಕಂಪನಿಯ ಅಂಗಳವನ್ನು ತುಳಿದ ದಿನದಿಂದ ತನ್ನ ಊರಿನವನಾಗಿ, ಅದರಾಚೆ ತನ್ನ ಕಂಠದವನಾಗಿ, ತನ್ನ ಪಾರ್ಟಿನವನಾಗಿ ಪರಿಗಣಿತನಾದನು. ಮಹಮ್ಮದ್ ಪೀರರು ಗೌತಮ ಬುದ್ಧನಾಗಿ ನಿಂತಾಗ ಪ್ರೇಕ್ಷಕರು ಕೈಮುಗಿದ ಕಾಲವದು. ಪಂಕ್ತಿಭೇದವು ಕಂಪನಿಗಳಲ್ಲಿ ಪೂರ್ಣವಾಗಿ ಅಳಿದಿತ್ತೆಂದು ನಾನು ಹೇಳಲಾರೆ. ಕರೆಯುವ ನಾಲಗೆಯಲ್ಲಿ ಅದು ಸಡಿಲಿತ್ತೆಂಬುದನ್ನು ಮಾತ್ರ ಒಪ್ಪಲೇಬೇಕು.

ಬಿಡಾರದೊಳಗಿನ ಸಂಬೋಧನೆಗೆ ಅದರದೇ ಆದ ಕ್ರಮವಿತ್ತು. ಮಾಲೀಕರನ್ನು ಹೆಸರು ಹಿಡಿದು ಕರೆಯುವ ವಾಡಿಕೆಯಿರಲಿಲ್ಲ. ಅವರು ಮೈಸೂರು ಸೀಮೆಯಲ್ಲಿ 'ಯಜಮಾನರು', ಧಾರವಾಡದ ಕಡೆ 'ಮಾಲಕರು'. ಹಾರ್ಮೋನಿಯಂ ಮುಂದೆ ಕುಳಿತವರು ಇತ್ತ ಮೇಷ್ಟ್ರು, ಅತ್ತ ಪೇಟಿ ಮಾಸ್ತರರು. ವಿಶ್ವಗುಣಾದರ್ಶ ನಾಟಕ ಮಂಡಳಿಯ ವಾಮನರಾಯರಿಗೆ ಈ 'ಮಾಸ್ತರ' ಎಂಬುದು ಎಷ್ಟು ಗಾಢವಾಗಿ ಅಂಟಿತೆಂದರೆ, ಅವರ ಮಂಡಳಿಯಲ್ಲಿ ಬಾಲ್ಯವನ್ನು ಕಳೆದ ಗಾಯಕ ಬಸವರಾಜ ರಾಜಗುರುಗಳ ಚರಿತ್ರೆಯನ್ನು ಹೇಳುವವರು ಇಂದಿಗೂ ವಾಮನರಾವ್ ಮಾಸ್ತರರೆಂದೇ ಹೇಳುತ್ತಾರೆ. ನಾಟಕ ಬರೆದುಕೊಟ್ಟವರಿಗೆ ಪಾಂಡಿತ್ಯಕ್ಕೆ ತಕ್ಕ ಗೌರವ. ಬೆಳ್ಳಾವೆ ನರಹರಿಶಾಸ್ತ್ರಿಗಳಂಥವರು ಬಿಡಾರಕ್ಕೆ ಬಂದರೆ 'ಶಾಸ್ತ್ರಿಗಳೇ' ಎಂಬೊಂದು ಕರೆಯೇ ಸಾಕು. ಉಳಿದವರಲ್ಲಿ ಹಿರಿಯನು ಅಣ್ಣ, ಹಿರಿಯಳು ಅಕ್ಕ, ಇನ್ನೂ ಹಿರಿಯಳು ಅಮ್ಮ. ಬಾಲನಟರಿಗೆ ಮಾತ್ರ ಎಲ್ಲರಿಂದಲೂ ಏಕವಚನ.

ಇನ್ನು ಪಾರ್ಟಿನಿಂದ ಬಂದ ಹೆಸರುಗಳು. ಆಟಕ್ಕೆ ಮುಂಚಿನ ಒಂದು ಗಳಿಗೆಯನ್ನು ಕಣ್ಣಮುಂದೆ ತಂದುಕೊಂಡರೆ ಇವುಗಳ ಹುಟ್ಟು ತಾನಾಗಿ ತಿಳಿಯುತ್ತದೆ. ಮೊದಲನೆಯ ಗಂಟೆ ಬಾರಿಸಿದೆ; ಒಬ್ಬನು ತುಂಡುಗನ್ನಡಿಯನ್ನು ಮೊಣಕಾಲಿಗೆ ಆನಿಸಿಕೊಂಡು ಹುಬ್ಬು ತೀಡುತ್ತಿದ್ದಾನೆ; ಕಿರೀಟದ ಪೆಟ್ಟಿಗೆಯ ಬಳಿ ನಿಂತವನು, 'ರಾಜಾಪಾರ್ಟು ಎಲ್ಲಿ? ಸ್ತ್ರೀಪಾರ್ಟಿನವರ ಸೀರೆ ಇಸ್ತ್ರಿ ಆಯಿತೇ?' ಎಂದು ಕೂಗುತ್ತಾನೆ. 'ಬಂದೆ ಅಣ್ಣಾ' ಎಂದು ಓಗೊಡುವವನು ಅರ್ಧ ಕಟ್ಟಿದ ಪಟಕಾದಲ್ಲೇ ಎದ್ದು ಬರುತ್ತಾನೆ. ಅಂಥ ಅವಸರದಲ್ಲಿ ಹೆಸರಿಗಿಂತ ಪಾತ್ರವೇ ನಾಲಗೆಗೆ ಸಮೀಪ. ಹಲವು ವರ್ಷ ಒಂದೇ ಬಗೆಯ ಪಾತ್ರವನ್ನು ವಹಿಸಿದವನಿಗೆ ಆ ಕರೆಯೇ ಅಂಕಿತನಾಮವಾಗುವುದೂ, ಬೀದಿಯ ಹುಡುಗರೂ ಅದನ್ನೇ ಕೂಗುವುದೂ ಸಹಜ. ಬಿರುದುಗಳದೂ ಅದೇ ಕಥೆ: ಕುಂದಗೋಳದ ರಾಮಭಾವು ಎಂಬ ಹೆಸರು 'ಸವಾಯಿ ಗಂಧರ್ವ'ದ ಹಿಂದೆ ಮರೆಯಾಯಿತು. ಮುಂದೆ ನರಸಿಂಹಮೂರ್ತಿಯೆಂಬ ತರುಣನು ತಂದೆ ಹಿರಣ್ಣಯ್ಯನವರ ಹೆಸರನ್ನೇ ಹೊತ್ತು ಮಾಸ್ಟರ್ ಹಿರಣ್ಣಯ್ಯನಾದಾಗ, ಒಂದು ಹೆಸರಿನೊಡನೆ ಒಂದು ಮಂಡಳಿಯ ಭಾರವೂ ಅವನ ಹೆಗಲಿಗೆ ಬಂತು.

ಸ್ತ್ರೀಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಗಂಡಸರೇ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ರಂಗಕ್ಕೆ ಹೆಣ್ಣುಮಕ್ಕಳು ಬಂದಾಗ, ಹೊರಗಿನ ಸಮಾಜವು ಅವರನ್ನು ಯಾವ ಯಾವ ಮಾತುಗಳಿಂದ ಕರೆಯಿತೆಂಬುದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಆದರೆ ಬಿಡಾರದೊಳಗೆ ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಮೊದಲಾದವರ ಹೆಸರಿನಲ್ಲಿರುವ 'ಅಮ್ಮ'ನು ಕಿರಿಯ ನಟರ ಕರೆಯಲ್ಲಿಯೂ ಅಮ್ಮನಾಗಿಯೇ ಉಳಿದಳು. ಬೀಳಗಿಯಿಂದ ಮುಂಬಯಿಗೆ ಹೋದ ಅಮೀರ್‌ಬಾಯಿ, ಗೋಹರ್‌ಬಾಯಿ ಸೋದರಿಯರಿಗಾದರೋ ಅಲ್ಲಿನ ರಂಗವೂ ಚಿತ್ರರಂಗವೂ 'ಕರ್ನಾಟಕಿ' ಎಂದೇ ಹೆಸರಿಟ್ಟವು. ತೌರನ್ನು ಬಿಟ್ಟು ಹೋದವರ ಹೆಸರಿಗೆ ತೌರಿನ ನಾಡೇ ಸೇರಿಕೊಂಡ ಈ ಪ್ರಸಂಗವು ನನಗೆ ಬಹಳ ಪ್ರಿಯವಾದದ್ದು.

ಈ ಅಣ್ಣ ಅಕ್ಕಂದಿರ ವ್ಯವಸ್ಥೆಯಲ್ಲಿ ದುಃಖದ ಭಾಗವೂ ಇತ್ತು. ಮಳೆ ಹಿಡಿದು ಆಟ ನಿಂತಾಗ, ಕಲೆಕ್ಷನ್ ಕುಸಿದಾಗ, ಸಂಬಳ ಕೇಳಬಂದವನಿಗೆ 'ನಾವು ಒಂದೇ ಮನೆಯವರಲ್ಲವೇನಪ್ಪಾ' ಎಂಬ ಮಾತೇ ಉತ್ತರವಾಗುತ್ತಿತ್ತು. ಯಜಮಾನನನ್ನು ತಂದೆಯೆಂದು ಕರೆದ ಬಾಯಿ ಅವನೊಡನೆ ಲೆಕ್ಕ ಕೇಳಲು ಹಿಂಜರಿಯುವುದು ಸಹಜವೇ. ಆದರೆ ಅದೇ ಸಂಬಂಧದ ಬಲದಿಂದಲೇ ಕಾಯಿಲೆ ಬಿದ್ದ ನಟನಿಗೆ ಬಿಡಾರದಲ್ಲಿ ಗಂಜಿ ದೊರೆಯಿತು, ಅನಾಥ ಬಾಲಕನಿಗೆ ವಿದ್ಯೆ ದೊರೆಯಿತು. ಬಾಲಕನಾಗಿ ಗುಬ್ಬಿ ಕಂಪನಿಗೆ ಬಂದ ಬಿ.ವಿ. ಕಾರಂತರನ್ನು ಮುಂದೆ ವೀರಣ್ಣನವರೇ ಕಾಶಿಗೆ ಓದಲು ಕಳುಹಿಸಿದರು. ಎರಡನ್ನೂ ತೂಗಿ ನೋಡಿದರೆ, ಆ ಕರೆಗಳು ಕೊಟ್ಟದ್ದೇ ಅಧಿಕವೆಂದು ನನ್ನ ನಿಶ್ಚಿತ ಅಭಿಪ್ರಾಯ.

ಕಂಪನಿಗಳು ಕ್ಷೀಣಿಸಿದಾಗ ಈ ರೂಢಿಯು ನಟರೊಡನೆಯೇ ಸಿನಿಮಾಕ್ಕೆ ನಡೆಯಿತು. ತಂದೆ ಪುಟ್ಟಸ್ವಾಮಯ್ಯನವರೊಡನೆ ಗುಬ್ಬಿ ಕಂಪನಿಯಲ್ಲಿ ಬೆಳೆದ ಮುತ್ತುರಾಜನಿಗೆ, 1954ರ 'ಬೇಡರ ಕಣ್ಣಪ್ಪ'ದ ಕಾಲಕ್ಕೆ, ಅದರ ನಿರ್ದೇಶಕ ಎಚ್.ಎಲ್.ಎನ್. ಸಿಂಹರು ರಾಜ್‌ಕುಮಾರ್ ಎಂಬ ಹೆಸರನ್ನು ಕೊಟ್ಟರು; ಜೊತೆಯ ಕೆಲಸಗಾರರು ಅದನ್ನೂ ಬದಿಗಿರಿಸಿ 'ಅಣ್ಣಾವ್ರು' ಎಂದರು. ನಟ ಬಾಲಕೃಷ್ಣರು ಬಾಲಣ್ಣನಾದರು. ಇವರಿಬ್ಬರೂ ನರಸಿಂಹರಾಜು, ಜಿ.ವಿ. ಅಯ್ಯರ್ ಅವರೊಡಗೂಡಿ ಮತ್ತೆ ನಾಟಕದ ತಂಡ ಕಟ್ಟಿ ಊರೂರು ತಿರುಗಿ, ಕೂಡಿಯೇ 1960ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನು ತೆಗೆದರು. ಸ್ಟುಡಿಯೋದ ಲೈಟ್‌ಬಾಯ್‌ನಿಂದ ಹಿಡಿದು ನಿರ್ಮಾಪಕರವರೆಗೆ ಎಲ್ಲರೂ ಕಲಿತುಕೊಂಡದ್ದು ಬಿಡಾರದ ಆ ಹಳೆಯ ಅಣ್ಣನನ್ನೇ.