ಕೇಳುವ ಕಿವಿಯೂ ತಡವಾಗಿ ಬಂದ ಮನ್ನಣೆಯೂ

ಕಲೆಯು ಹುಟ್ಟುವುದು ಕಲಾವಿದನ ಸಾಧನೆಯಿಂದ. ಅದು ಬಾಳುವುದು ರಸಿಕನ ಗ್ರಹಣಶಕ್ತಿಯಿಂದ. ಹಾಡುವವನಿಗೆ ಎಷ್ಟು ತಪಸ್ಸು ಅವಶ್ಯವೋ ಕೇಳುವವನಿಗೂ ಅಷ್ಟೇ ತಪಸ್ಸು ಅವಶ್ಯವೆಂಬುದನ್ನು ಲೋಕವು ಬಹುಮಟ್ಟಿಗೆ ಮರೆತಿರುವುದು. ಅಭಿಪ್ರಾಯವಿಲ್ಲದ ಶ್ರೋತೃವು ಎಲ್ಲಿಯೂ ಇಲ್ಲ. ಒಬ್ಬನಿಗೆ ಕಂಠಮಾಧುರ್ಯವೇ ಸಂಗೀತದ ಸರ್ವಸ್ವ. ಮತ್ತೊಬ್ಬನಿಗೆ ತಾನಗಳ ವೇಗವೇ ವಿದ್ವತ್ತು. ಇನ್ನೊಬ್ಬನಿಗೆ ತಾನು ಬಾಲ್ಯದಿಂದ ಕೇಳಿದ ರಾಗವಲ್ಲದೆ ಬೇರೊಂದು ರಾಗವೇ ಅಲ್ಲ. ಇಂತಹ ಒಲವು ದೋಷವಲ್ಲ. ಒಲವಿಲ್ಲದ ಕಿವಿಯು ರಸವನ್ನೂ ಅರಿಯದು. ಆದರೆ ತನ್ನ ಒಲವನ್ನೇ ಕಲೆಯ ಅಳತೆಗೋಲೆಂದು ತಿಳಿದಾಗ ಕೇಡು ಮೊದಲಾಗುವುದು. ಆಗ ಮಹಾಕಲಾವಿದನು ಕಣ್ಣೆದುರಿಗೆ ಹಾಡುತ್ತಿದ್ದರೂ ಜನರಿಗೆ ಕೇಳಿಸದೆ ಹೋಗುವನು.

ಇದು ಒಂದು ದೇಶದ ಮಾತಲ್ಲ. ಜರ್ಮನಿಯ ವಾಗ್ಗೇಯಕಾರನಾದ ಬಾಖನು 1750ರಲ್ಲಿ ತೀರಿಕೊಂಡನು. ಬದುಕಿದ್ದಾಗ ಅವನು ಆರ್ಗನ್ ವಾದ್ಯದ ವಾದಕನೆಂದೇ ಹೆಚ್ಚಾಗಿ ಹೆಸರಾಗಿದ್ದನು. ಸಂತ ಮತ್ತಾಯನ ಸುವಾರ್ತೆಯನ್ನು ಕುರಿತ ಅವನ ಮಹಾಕೃತಿಯನ್ನು 1829ರಲ್ಲಿ ಬರ್ಲಿನ್ ನಗರದಲ್ಲಿ ಮತ್ತೆ ಹಾಡಿಸಿದವನು ಇಪ್ಪತ್ತರ ಹರೆಯದ ಮೆಂಡೆಲ್‌ಸನ್. ಆ ಬಳಿಕವೇ ಬಾಖನ ಹಿರಿಮೆಯು ಯೂರೋಪಿನ ಸಾಮಾನ್ಯ ಶ್ರೋತೃಗಳಿಗೆ ವಿದಿತವಾಯಿತು. ಸತ್ತ ಮೇಲೆ ಬಂದ ಈ ಮನ್ನಣೆಯಿಂದ ಕಲೆಗೆ ಪ್ರಯೋಜನವಾಯಿತೇ ಹೊರತು ಕಲಾವಿದನಿಗೆ ಅದು ಒದಗಲಿಲ್ಲ.

ಸ್ಕಂದಗಿರಿಯ ಸುತ್ತಣ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಭಕ್ತಜನರಿಗೆ ಸಂಗೀತವು ಹೊಸದಲ್ಲ. ಕೈವಾರದ ಯೋಗಿ ನಾರೇಯಣರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ರಚಿಸಿದ ಕೀರ್ತನೆಗಳು ವಿದ್ವತ್ಸಭೆಗಳ ಅಪ್ಪಣೆಗಾಗಿ ಕಾಯದೆ ಭಜನೆಯ ಮನೆಗಳಲ್ಲಿ ಬಾಳಿಕೊಂಡು ಬಂದವು. ಈ ಸೀಮೆಯ ಕಿವಿಯು ಭಜನೆಯಲ್ಲಿಯೂ ಕರ್ನಾಟಕ ಸಂಗೀತದಲ್ಲಿಯೂ ಪಳಗಿದುದು. ಇಂತಹ ಕಿವಿಗೆ ಧಾರವಾಡದ ಹಿಂದೂಸ್ತಾನಿ ಗಾಯನವು ದೂರದ್ದೆನಿಸುವುದು ಸಹಜ. ಆದರೂ ಆ ನಾಡಿನ ಶರಣಗಾಯಕರೊಬ್ಬರ ಚರಿತ್ರೆಯು, ಒಲಿದು ಕೇಳುವುದೆಂದರೇನು ಎಂಬುದನ್ನು ತಿಳಿಯಲಿಚ್ಛಿಸುವವರಿಗೆ ಕೈದೀವಿಗೆಯಂತಿರುವುದು.

ಅವರೇ ಪಂಡಿತ ಮಲ್ಲಿಕಾರ್ಜುನ ಮನಸೂರರು. ಧಾರವಾಡದ ಹತ್ತಿರದ ಮನಸೂರ ಗ್ರಾಮದಲ್ಲಿ 1910ನೆಯ ಇಸವಿಯ ಡಿಸೆಂಬರ್ 31ರಂದು ಲಿಂಗವಂತ ಮನೆತನದಲ್ಲಿ ಅವರ ಜನನವಾಯಿತು. ಬಾಲ್ಯದಲ್ಲಿ ನಾಟಕಮಂಡಳಿಯ ನಂಟು. ಮೊದಲ ಪಾಠವಾದರೋ ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ್ದು. ತರುವಾಯ ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪರಂಪರೆಯ ಶಿಕ್ಷಣವನ್ನು ಪಡೆದರು. ಗ್ರಾಮೋಫೋನ್ ತಟ್ಟೆಗಳಿಗೆ ಹಾಡಿ ತಕ್ಕಷ್ಟು ಹೆಸರನ್ನು ಪಡೆದ ಮೇಲೆಯೂ ಅವರು ತೃಪ್ತರಾಗಲಿಲ್ಲ. ಅಲ್ಲಾದಿಯಾಖಾನರ ಪುತ್ರರಾದ ಮಂಜೀಖಾನರ ಗಾಯನಕ್ಕೆ ಮಾರುಹೋಗಿ, ಮತ್ತೆ ಶಿಷ್ಯರಾಗಿ ಗುರುವಿನ ಮುಂದೆ ಕುಳಿತರು. ಸುಮಾರು ಎರಡು ವರ್ಷ ಕಳೆಯುವಷ್ಟರಲ್ಲಿಯೇ, 1937ರಲ್ಲಿ, ಮಂಜೀಖಾನರು ತೀರಿಕೊಂಡರು. ಗುರುವಿಯೋಗದ ಆ ದುಃಖದಲ್ಲಿಯೂ ಅಭ್ಯಾಸವನ್ನು ಬಿಡದೆ, ಅವರ ಸಹೋದರರಾದ ಭೂರ್ಜೀಖಾನರಲ್ಲಿ ವಿದ್ಯೆಯನ್ನು ಮುಂದುವರಿಸಿದರು. ಹೆಸರಾದ ಗಾಯಕನೊಬ್ಬನು ಹೆಸರನ್ನು ಬದಿಗಿಟ್ಟು ಮರಳಿ ಕಲಿಯಹೊರಟುದೇ ಅವರ ಜೀವನದ ಮುಖ್ಯ ಘಟನೆಯೆನ್ನಬಹುದು. ಏಕೆಂದರೆ ಅದು ಮೊದಲು ಕೇಳುವವನಾಗುವ ಧೈರ್ಯ.

ಆದರೆ ಈ ಜಯಪುರ-ಅತ್ರೌಲಿ ಪರಂಪರೆಯು ಸುಲಭವಾಗಿ ಜನಪ್ರಿಯವಾಗತಕ್ಕ ಮಾರ್ಗವಲ್ಲ. ಇದರಲ್ಲಿ ಆಲಾಪವೂ ತಾನವೂ ಬೇರೆ ಬೇರೆ ತುಂಡುಗಳಾಗಿ ನಿಲ್ಲುವುದಿಲ್ಲ. ಬಂದಿಶಿನ ಚೌಕಟ್ಟಿನೊಳಗೆ, ತಾಳದ ನಡೆಯನ್ನು ಬಿಡದೆ, ಸ್ವರವಾಕ್ಯಗಳು ಒಂದರೊಳಗೊಂದು ಹೆಣೆದುಕೊಂಡು ಬಂದು ಸಮ್ಮಿನಲ್ಲಿ ಸೇರುವುವು. ಮೇಲಾಗಿ ಈ ಪರಂಪರೆಯವರಿಗೆ ಅಪರೂಪದ ರಾಗಗಳಲ್ಲಿ ಹೆಚ್ಚು ಪ್ರೀತಿ. ಶಿವಮತ ಭೈರವ, ಲಲಿತಾಗೌರಿ, ಬಸಂತಿ ಕೇದಾರ ಮೊದಲಾದವು ಮನಸೂರರ ನಿತ್ಯದ ಆಸ್ತಿಯಾಗಿದ್ದವು. ಒಂದು ಉದಾಹರಣೆಯನ್ನು ಕೊಟ್ಟರೆ ಸಾಕು. ಕರ್ನಾಟಕ ಸಂಗೀತದ ಹಿಂದೋಳವನ್ನು ಹೋಲುವ ಮಾಲಕಂಸವು ಐದೇ ಸ್ವರಗಳ ರಾಗ. ಮನಸೂರರು ಹಾಡುತ್ತಿದ್ದ ಸಂಪೂರ್ಣ ಮಾಲಕಂಸದಲ್ಲಿ ರಿಷಭ ಪಂಚಮಗಳೂ ಬಂದು ಸೇರುವುವು. ಐದು ಸ್ವರಗಳನ್ನೇ ನಿರೀಕ್ಷಿಸಿ ಕುಳಿತವನಿಗೆ ಆ ಎರಡು ಸ್ವರಗಳು ಅಪಸ್ವರವೆಂಬಂತೆಯೇ ತೋರುವುವು. ತಾಳ್ಮೆಯಿಂದ ಕುಳಿತವನಿಗಾದರೋ ಹಳೆಯ ಮನೆಯೊಳಗೆ ಹೊಸದೊಂದು ಬಾಗಿಲು ತೆರೆದಂತಾಗುವುದು. ಒಂದೇ ಗಾಯನ, ಇಬ್ಬರು ಶ್ರೋತೃಗಳು, ಎರಡು ತೀರ್ಪುಗಳು!

ಇದಕ್ಕೆ ಸರಿಯಾಗಿ ಮನಸೂರರ ಸ್ವಭಾವವೂ ಆಡಂಬರಕ್ಕೆ ದೂರವಾದುದು. ಮುಂಬಯಿ, ಪುಣೆಗಳಂತಹ ಮಹಾನಗರಗಳ ಸಭೆಗಳಿಂದ ದೂರವಾದ ಧಾರವಾಡವನ್ನೇ ಅವರು ತಮ್ಮ ನೆಲೆಯಾಗಿ ಮಾಡಿಕೊಂಡರು; ಅಲ್ಲಿಯ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿ ದುಡಿದರು. ಸಂಗೀತಗಾರರ ವಲಯದಲ್ಲಿ ಅವರಿಗೆ ಗೌರವವಿದ್ದಿತು. ರಾಷ್ಟ್ರದ ಮನ್ನಣೆಯು ಮಾತ್ರ ನಿಧಾನವಾಗಿ ಬಂದಿತು. 1970ರಲ್ಲಿ ಪದ್ಮಶ್ರೀ ದೊರೆತಾಗ ಅವರಿಗೆ 59 ವರ್ಷ ವಯಸ್ಸು. 1976ರಲ್ಲಿ ಪದ್ಮಭೂಷಣವೂ, 1981ರಲ್ಲಿ ಮಧ್ಯಪ್ರದೇಶ ಸರ್ಕಾರದ ಕಾಳಿದಾಸ ಸಮ್ಮಾನವೂ ಬಂದವು. ಪದ್ಮವಿಭೂಷಣವು ಬಂದುದು 1992ರಲ್ಲಿ. ಅದೇ ವರ್ಷದ ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು. ಅರುವತ್ತು ದಾಟಿದ ಮೇಲೆ ದೇಶವು ಅವರನ್ನು ಕಂಡುಕೊಂಡಿತೆಂದು ಹೇಳುವುದುಂಟು. ಅವರು ಅಡಗಿರಲಿಲ್ಲ, ದೇಶದ ಕಿವಿಯು ಅವರಿದ್ದಲ್ಲಿಗೆ ಬರಲು ಅಷ್ಟು ಕಾಲ ಹಿಡಿಯಿತು.

ಈ ನಡುವೆ ಅವರನ್ನು ಕಾಪಾಡಿದುದು ಯಾವುದು? ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರಿಗಿದ್ದ ಭಕ್ತಿಯು ಅಚಲವಾದುದು. ತಮ್ಮ ಮನೆಗೆ ‘ಮೃತ್ಯುಂಜಯ’ವೆಂದೇ ಹೆಸರಿಟ್ಟರು. ಶರಣರ ವಚನಗಳನ್ನು ಅವರು ಹಾಡುವಾಗ ರಾಗಜ್ಞಾನವಿಲ್ಲದ ಭಕ್ತರೂ ತಲೆದೂಗುತ್ತಿದ್ದರು. ಬಿರುದುಗಳು ಬಾರದ ಕಾಲದಲ್ಲಿ ಗಾಯಕನಿಗೆ ಆಸರೆಯಾಗುವುದು ಇಂತಹ ನಂಬುಗೆಯೇ.

ಮಠಗಳ ಕಿವಿಯು ಲೋಕದ ಕಿವಿಗಿಂತ ಮುಂದಾಗಿದ್ದುದಕ್ಕೆ ಬೇರೆ ನಿದರ್ಶನಗಳೂ ಉಂಟು. ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠನೆಂಬ ಬಾಲಕನಿಗೆ ‘ಕುಮಾರಗಂಧರ್ವ’ನೆಂಬ ಬಿರುದನ್ನಿತ್ತವರು ಮಠದ ಸ್ವಾಮಿಗಳೊಬ್ಬರು, ಆ ಬಿರುದೇ ಹೆಸರಾಗಿ ನಿಂತಿತು. ಅಂಧ ಬಾಲಕರಾಗಿದ್ದ ಪಂಚಾಕ್ಷರಿ ಗವಾಯಿಗಳಲ್ಲಿ ಸಂಗೀತವನ್ನು ಕಂಡು ಶಿಕ್ಷಣಕ್ಕೆ ಏರ್ಪಾಡು ಮಾಡಿದವರು, ಶಿವಯೋಗಮಂದಿರದ ಸಂಸ್ಥಾಪಕರಾದ ಹಾನಗಲ್ಲ ಕುಮಾರಸ್ವಾಮಿಗಳು. ಆ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಬಳಿಕ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರೇ. ಅಸಂಖ್ಯ ಅಂಧ, ಅನಾಥ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ನೀಡಿದ ಅವರಿಗೆ ಪದ್ಮಭೂಷಣವು ಬಂದುದು 2010ರಲ್ಲಿ. ಆ ವರ್ಷದ ಸೆಪ್ಟೆಂಬರ್ 17ರಂದೇ, 96 ವರ್ಷ ತುಂಬಿದ್ದ ಅವರು ಶಿವೈಕ್ಯರಾದರು.

ಆದರೂ ಮಠಗಳ ಭಕ್ತರು ಇಷ್ಟಕ್ಕೇ ಹೆಮ್ಮೆಪಟ್ಟು ಸುಮ್ಮನಿರುವಂತಿಲ್ಲ. ವಚನಗಳ ಓಲೆಗರಿಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ಬಹುಕಾಲ ಪೂಜೆಗೊಂಡವು. ಓದಿದವರು ಮಾತ್ರ ವಿರಳ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅವುಗಳನ್ನು ಶೋಧಿಸಿ ವಚನಶಾಸ್ತ್ರಸಾರದ ಪ್ರಥಮ ಭಾಗವನ್ನು 1923ರಲ್ಲಿ ಪ್ರಕಟಿಸುವವರೆಗೆ ಆ ವಾಙ್ಮಯದ ಬಹುಭಾಗವು ಮನೆಯೊಳಗಿದ್ದೂ ಮನೆಯವರಿಗೆ ಅಪರಿಚಿತವಾಗಿದ್ದಿತು. ಓದದ ಗ್ರಂಥಕ್ಕೆ ಹೂವೇರಿಸುವುದೂ ಕೇಳದ ಗಾಯಕನಿಗೆ ಶಾಲು ಹೊದಿಸುವುದೂ ಒಂದೇ ಬಗೆಯ ಉದಾಸೀನ. ಗೌರವವೆಂಬುದು ಗ್ರಹಣಕ್ಕೆ ಬದಲಾಗಿ ನಿಲ್ಲಲಾರದು.

ಆದುದರಿಂದ ಜಾತ್ರೆ, ಉತ್ಸವಗಳಲ್ಲಿ ಕುಳಿತು ಕೇಳುವ ಭಕ್ತನಿಗೂ ಒಂದು ಕರ್ತವ್ಯವುಂಟು. ತನ್ನ ಮೆಚ್ಚಿಕೆಯನ್ನು ಅವನು ಬಿಡಬೇಕಾಗಿಲ್ಲ. ಸೇರದುದನ್ನು ಸೇರದೆಂದು ಹೇಳುವ ಸ್ವಾತಂತ್ರ್ಯವೂ ಅವನಿಗುಂಟು. ಆದರೆ ಆ ತೀರ್ಪನ್ನು ಕೊಡುವ ಮೊದಲು ಎರಡನೆಯ ಬಾರಿ, ಮೂರನೆಯ ಬಾರಿ ಕೇಳುವ ಸಹನೆಯಿರಲಿ. ಬಿರುದು ಬಂದವರನ್ನು ಕರೆಯಿಸುವುದರ ಜೊತೆಗೆ, ಬಿರುದು ಬಾರದೆ ಸಾಧನೆಯಲ್ಲಿ ನಿರತರಾಗಿರುವವರನ್ನೂ ಕರೆದು ಎದುರಿಗೆ ಕೂರಿಸಲಿ. ಸರ್ಕಾರದ ಪದಕವು ತಡವಾಗಿ ಬಂದರೆ ಬರಲಿ. ಮುಂದೆ ಕುಳಿತ ಶರಣನ ಕಿವಿಯು ತಡಮಾಡದಿರಲಿ.