ಹ್ಯಾಕಥಾನ್‌ನ ಪ್ರಶ್ನೆಪತ್ರಿಕೆ ಬರೆಯೋರು ಯಾರು?



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಕಾಲೇಜಿಗೆ ಹೋಗುವ ನಮ್ಮ ಹುಡುಗ ಹುಡುಗಿಯರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಈಗೀಗ ಒಂದು ಪದ ಬಾಳ ಕಾಣ್ತದ: ಹ್ಯಾಕಥಾನ್. ಕೊರಳಿಗೆ ಐಡಿ ಕಾರ್ಡ್, ಮುಂದೆ ಲ್ಯಾಪ್‌ಟಾಪ್, ಹಿಂದೆ ಬ್ಯಾನರ್. ನೋಡಿದ್ರೆ ಖುಷಿಯಾಗ್ತದ. ಸಂಘಟನೆಯ ಹಿರಿಯರು ಮಾತ್ರ "ಇದು ಪರೀಕ್ಷೆನೋ, ಜಾತ್ರೆನೋ? ಇದರಿಂದ ನಮ್ಮ ಕೇರಿಗೆ ಏನ್ ಬರೂದೈತಿ?" ಅಂತ ಕೇಳ್ತಾರ. ಪ್ರಶ್ನೆ ಸರಿಯಾಗೇ ಐತಿ. ಇದರ ಇತಿಹಾಸ ತಿಳಿಯದೆ ಉತ್ತರ ಹೇಳಕ್ಕಾಗಲ್ಲ. ನಾನು ಸಾಫ್ಟ್‌ವೇರ್ ಓದಿದವನಲ್ಲ, ಬಿ.ಎ. ಮಾಡಿ ಗುಮಾಸ್ತನಾಗಿರೋನು. ಆದರೆ ಕಂಪ್ಯೂಟರ್ ಪರದೆಯ ಮುಂದೆ ಅರ್ಜಿ ಹಿಡಿದು ನಿಲ್ಲೋ ನಮ್ಮ ಜನರನ್ನ ದಿನಾ ನೋಡ್ತೀನಿ. ಆ ಕಡೆಯಿಂದ ಈ ಇತಿಹಾಸ ಬರೀತಿದ್ದೀನಿ.

ಮೊದಲು ಪದ. ಹ್ಯಾಕ್ ಅಂದ್ರೆ ಕಳ್ಳತನ ಅಂತ ನಮ್ಮ ಟಿವಿಯವರು ಕಲಿಸ್ಯಾರ. ಮೂಲದಲ್ಲಿ ಹಾಗಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾದರಿ ರೈಲು ಕಟ್ಟುವ ವಿದ್ಯಾರ್ಥಿಗಳ ಕ್ಲಬ್ ಒಂದಿತ್ತು. 1950ರ ದಶಕದ ಕೊನೆಗೆ ಆ ಹುಡುಗರು ಒಂದು ತೊಡಕನ್ನು ಜಾಣತನದಿಂದ ಬಿಡಿಸೋದಕ್ಕೆ ಹ್ಯಾಕ್ ಅಂತಿದ್ದರು. ಅದಕ್ಕೆ ಮ್ಯಾರಥಾನ್‌ನ ಬಾಲ ಸೇರಿ ಹ್ಯಾಕಥಾನ್ ಆಯ್ತು. ಅಂದ್ರೆ ಬಿಡುವಿಲ್ಲದೆ ಕೂತು, ಒಂದು ಸಮಸ್ಯೆಗೆ ಸಾಫ್ಟ್‌ವೇರ್ ಬರೆದು ಏಳೋದು.

ಈ ಹೆಸರಿನ ಮೊದಲ ಎರಡು ಸಭೆಗಳೂ 1999ರ ಜೂನ್ ತಿಂಗಳಲ್ಲೇ ನಡೆದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಒಂದು ಕೆನಡಾದ ಕ್ಯಾಲ್ಗರಿಯಲ್ಲಿ. ಓಪನ್‌ಬಿಎಸ್‌ಡಿ ಎಂಬ ಮುಕ್ತ ತಂತ್ರಾಂಶ ಕಟ್ಟುವ ಸುಮಾರು 10 ಜನ ಅಲ್ಲಿ ಸೇರಿದರು. ಗುಪ್ತಲಿಪಿಯ ಸಾಫ್ಟ್‌ವೇರನ್ನ ದೇಶದ ಹೊರಗೆ ಕಳಿಸಬಾರದು ಅಂತ ಆಗ ಅಮೆರಿಕದ ಕಾನೂನು ಅಡ್ಡ ನಿಂತಿತ್ತು. ಆ ಕಾನೂನು ತಟ್ಟದ ನೆಲದಲ್ಲಿ ಕೂತು ಅವರು ಕೆಲಸ ಮಾಡಿದರು. ಬಹುಮಾನ ಇರಲಿಲ್ಲ, ಜಡ್ಜ್ ಇರಲಿಲ್ಲ. ತಮ್ಮ ತೊಡಕನ್ನ ತಾವೇ ಗುರುತಿಸಿ ತಾವೇ ಬಿಡಿಸಿಕೊಂಡರು.

ಇನ್ನೊಂದು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಜಾವಾಒನ್ ಸಮ್ಮೇಳನದಲ್ಲಿ. ಪಾಮ್ ಅನ್ನೋ ಅಂಗೈ ಯಂತ್ರಕ್ಕೆ ಜಾವಾದಲ್ಲಿ ಪ್ರೋಗ್ರಾಮ್ ಬರೀರಿ ಅಂತ ಕಂಪನಿ ಸವಾಲು ಹಾಕ್ತು. ಪ್ರಶ್ನೆ ಕಂಪನಿಯದು, ಉತ್ತರ ಬಂದವರದು.

ಹುಟ್ಟಿದ ತಿಂಗಳಲ್ಲೇ ದಾರಿ ಎರಡಾಯ್ತು ನೋಡ್ರಿ. ಒಂದರಲ್ಲಿ ದುಡಿಯೋರೇ ಪ್ರಶ್ನೆ ಹಾಕಿಕೊಂಡರು. ಇನ್ನೊಂದರಲ್ಲಿ ಪ್ರಶ್ನೆ ಮೇಲಿಂದ ಬಂತು. ಮುಂದೆ ದೊಡ್ಡದಾಗಿ ಬೆಳೆದದ್ದು ಎರಡನೇ ದಾರಿ. ನೀವು ಈ ಪೋಸ್ಟಿಗೆ ಒತ್ತುವ ಫೇಸ್‌ಬುಕ್ ಲೈಕ್ ಬಟನ್ನಿನ ಮೊದಲ ರೂಪ ತಯಾರಾಗಿದ್ದೂ ಕಂಪನಿಯೊಳಗಿನ ಹ್ಯಾಕಥಾನ್‌ನಲ್ಲೇ. 2007ರಲ್ಲಿ ಯಾಹೂ ಕಂಪನಿ ಬೆಂಗಳೂರಿಗೆ ಹ್ಯಾಕ್ ಡೇ ತಂತು. ಒಂದೇ ರಾತ್ರಿಯಲ್ಲಿ ನೂರಾರು ತಲೆಗಳ ಬುದ್ಧಿ ಊಟ, ಕಾಫಿ, ಟೀ ಶರ್ಟಿನ ಖರ್ಚಿಗೆ ಸಿಗ್ತದ ಅಂದ್ರೆ ಯಾವ ಕಂಪನಿ ಬ್ಯಾಡ ಅಂತದ?

ಆಮೇಲೆ ಬಡವರ ಹೆಸರಿನ ಹ್ಯಾಕಥಾನ್‌ಗಳು ಬಂದವು. 2011ರ ಅಕ್ಟೋಬರ್‌ನಲ್ಲಿ ವಿಶ್ವಬ್ಯಾಂಕ್ ನೀರಿನ ಸಮಸ್ಯೆ ಮೇಲೆ ಜಗತ್ತಿನ ಹಲವು ನಗರಗಳಲ್ಲಿ ಒಟ್ಟಿಗೆ ಹ್ಯಾಕಥಾನ್ ಮಾಡ್ತು, ಅದರಲ್ಲಿ ಬೆಂಗಳೂರೂ ಒಂದು. 2012ರ ಡಿಸೆಂಬರ್ 1 ಮತ್ತು 2ರಂದು ಶೌಚ, ನೈರ್ಮಲ್ಯದ ಮೇಲೆ ಸುಮಾರು 40 ನಗರಗಳಲ್ಲಿ ಇನ್ನೊಂದು ಮಾಡ್ತು. ಮಕ್ಕಳಿಗೆ ಸ್ವಚ್ಛತೆ ಕಲಿಸೋ ಮೊಬೈಲ್ ಆಟಕ್ಕೂ ಅದರಲ್ಲಿ ಬಹುಮಾನ ಬಂತು. ಒಳ್ಳೆಯದೇ. ಆದರೆ ಅದಕ್ಕೆ ಎರಡು ವರ್ಷ ಮುಂಚೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬಗಳ ಜನ ಮನೆ ಖಾಲಿ ಮಾಡಿಸೋದರ ವಿರುದ್ಧ ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದರು. ಶೌಚದ ಸಮಸ್ಯೆ ಅಂದ್ರೆ ಒಬ್ಬನಿಗೆ ಕೈ ತೊಳೆಯೋದು, ಇನ್ನೊಬ್ಬನಿಗೆ ಹೊರೋದು. ಪ್ರಶ್ನೆಯನ್ನ ಯಾರು ಬರೀತಾರೋ ಅವರ ಮೂಗಿಗೆ ಬಂದ ವಾಸನೆ ಅಷ್ಟೇ ಅದರೊಳಗೆ ಇರ್ತದ.

ಇದಕ್ಕೆ ಎದುರಾಗಿ ಕೇರಳದ ಉದಾಹರಣೆ ನೋಡ್ರಿ. 2015ರಲ್ಲಿ ಕೋಝಿಕ್ಕೋಡ್‌ನಲ್ಲಿ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಕಾರ್ಮಿಕರು ಸತ್ತರು. ಅವರನ್ನ ಉಳಿಸಲು ಇಳಿದ ಆಟೋ ಚಾಲಕ ನೌಷಾದ್ ಅವರೂ ಸತ್ತರು. ಕುಟ್ಟಿಪ್ಪುರಂ ಎಂಜಿನಿಯರಿಂಗ್ ಕಾಲೇಜಿನಿಂದ ಬಂದ ಯುವಕರ ಜೆನ್‌ರೋಬೋಟಿಕ್ಸ್ ಕಂಪನಿ ಬ್ಯಾಂಡಿಕೂಟ್ ಎಂಬ ಯಂತ್ರ ಕಟ್ಟಿ, 2018ರಲ್ಲಿ ತಿರುವನಂತಪುರದಲ್ಲಿ ಮ್ಯಾನ್‌ಹೋಲಿಗೆ ಇಳಿಸ್ತು. ಯಂತ್ರ ನಡೆಸೋ ತರಬೇತಿಯನ್ನ ಪೌರಕಾರ್ಮಿಕರಿಗೇ ಕೊಟ್ಟರು. ಅದು ಎರಡು ರಾತ್ರಿಯ ಕೆಲಸ ಅಲ್ಲ, ವರ್ಷಗಟ್ಟಲೆ ಕೆಲಸ. ಮಲಹೊರುವ ಪದ್ಧತಿ ನಿಷೇಧಕ್ಕೆ 1993ರಲ್ಲೇ ಒಂದು ಕಾಯ್ದೆ ಇತ್ತು. 2013ರ ಕಾಯ್ದೆ ಬಾಬಾಸಾಹೇಬರ ಪರಿನಿಬ್ಬಾಣದ ದಿನ ಡಿಸೆಂಬರ್ 6ರಿಂದ ಜಾರಿಗೆ ಬಂತು. ಕೆಜಿಎಫ್‌ನ ಪೌರಕಾರ್ಮಿಕರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ದಶಕಗಟ್ಟಲೆ ಕೂಗಿದ್ದಕ್ಕೆ ದೇಶ ಇಷ್ಟಾದರೂ ಕಿವಿಗೊಟ್ಟಿದೆ. ಮೊದಲು ಚಳವಳಿ ಪ್ರಶ್ನೆಯನ್ನ ದೇಶದ ಮುಂದೆ ಇಟ್ಟಿತು, ಯಂತ್ರ ಆಮೇಲೆ ಬಂತು. ಈ ಕ್ರಮವನ್ನ ಮರೀಬಾರದು.

ಈಗ ನಮ್ಮ ಮಕ್ಕಳು ಹೋಗುವ ಹ್ಯಾಕಥಾನ್‌ಗೆ ಬರೋಣ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಶುರುವಾಗಿದ್ದು 2017ರಲ್ಲಿ. ಆ ವರ್ಷದ ಏಪ್ರಿಲ್ 1 ಮತ್ತು 2ರಂದು ನಡೆದ ಫೈನಲ್‌ನಲ್ಲಿ ದೇಶದ ಬೇರೆ ಬೇರೆ ಕೇಂದ್ರಗಳಲ್ಲಿ ಸುಮಾರು 10 ಸಾವಿರ ವಿದ್ಯಾರ್ಥಿಗಳು ಒಟ್ಟಿಗೆ 36 ಗಂಟೆ ಕೂತರು. ಕೆಲಸ ನಡೆಯೋದು ಹೀಗೆ: ಕೇಂದ್ರದ ಮಂತ್ರಾಲಯಗಳು, ಇಲಾಖೆಗಳು, ಕಂಪನಿಗಳು ಸಮಸ್ಯೆಗಳ ಪಟ್ಟಿ ಕೊಡ್ತಾವ. ಕಾಲೇಜು ಮೊದಲು ತನ್ನೊಳಗೇ ಸ್ಪರ್ಧೆ ಮಾಡಿ ತಂಡ ಆರಿಸಿ ಹೆಸರು ಕಳಿಸ್ತದ. ತಂಡಕ್ಕೆ 6 ಜನ, ಎಲ್ಲರೂ ಒಂದೇ ಕಾಲೇಜಿನವರು, ಅದರಲ್ಲಿ ಒಬ್ಬ ಹುಡುಗಿ ಕಡ್ಡಾಯ.

ಆ ಕೊನೆಯ ನಿಯಮ ಗಮನಿಸ್ರಿ. ಹುಡುಗಿ ಕಡ್ಡಾಯ ಅಂತ ಬರೆದದ್ದಕ್ಕೇ ಎಷ್ಟೋ ತಂಡಗಳು ತಮ್ಮ ಕ್ಲಾಸಿನ ಹುಡುಗಿಯರನ್ನ ಹುಡುಕಿಕೊಂಡು ಹೋಗಬೇಕಾಯ್ತು. "ಪ್ರತಿಭೆಗೆ ಧಕ್ಕೆ" ಅಂತ ಯಾರೂ ಬೊಬ್ಬೆ ಹಾಕಲಿಲ್ಲ. ತಂಡದಲ್ಲಿ ಒಬ್ಬ ದಲಿತ ವಿದ್ಯಾರ್ಥಿ ಇರಲಿ ಅಂತ ನಾಳೆ ಬರೆದರೆ ಏನಾಗ್ತದ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ತಂಡ ಕಟ್ಟೋದು ಗೆಳೆತನದಿಂದ. ಗೆಳೆತನ ಬೆಳೆಯೋದು ರೂಮು, ಬೆಂಚು, ಊಟದ ಡಬ್ಬಿಯಿಂದ. ನಮ್ಮ ದೇಶದಲ್ಲಿ ಡಬ್ಬಿ ಯಾರ ಜೊತೆ ಹಂಚಿಕೋತಾರ ಅನ್ನೋದಕ್ಕೆ ಜಾತಿ ಕಾರಣ.

"ಸಾಫ್ಟ್‌ವೇರ್‌ನಾಗ ಜಾತಿ ಇಲ್ಲ" ಅನ್ನೋರಿಗೆ ಒಂದು ನೆನಪು. 2020ರ ಜೂನ್‌ನಲ್ಲಿ ಸಿಸ್ಕೊ ಕಂಪನಿ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯವೇ ಜಾತಿ ತಾರತಮ್ಯದ ದಾವೆ ಹಾಕ್ತು. ಆರೋಪ ಹೊತ್ತ ಇಬ್ಬರು ಎಂಜಿನಿಯರುಗಳ ಮೇಲಿನ ಕೇಸನ್ನ 2023ರಲ್ಲಿ ಕೈಬಿಟ್ಟರೂ ಕಂಪನಿ ಮೇಲಿನದನ್ನ ಆಗ ಬಿಡಲಿಲ್ಲ. 2022ರಲ್ಲಿ ಗೂಗಲ್‌ನೊಳಗೆ ತೇನ್ಮೊಳಿ ಸೌಂದರರಾಜನ್ ಅವರು ಜಾತಿ ಬಗ್ಗೆ ಮಾತಾಡಬೇಕಿದ್ದ ಕಾರ್ಯಕ್ರಮ ರದ್ದಾಯ್ತು. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸ್ತು, ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಸಮುದ್ರ ದಾಟಿದರೂ ಜಾತಿ ಲ್ಯಾಪ್‌ಟಾಪ್ ಬ್ಯಾಗಿನೊಳಗೇ ಹೋಗ್ತದ.

ಹಾಗಂತ ಇದು ನಮ್ಮದಲ್ಲ ಅಂತ ಕೈ ತೊಳ್ಕೊಳ್ಳೋದು ತಪ್ಪು. ಮೊದಲ ದಾರಿ ಕರ್ನಾಟಕದಲ್ಲೂ ಇದೆ. 2000ದ ದಶಕದ ಕೊನೆಗೆ ಬೆಂಗಳೂರಿನ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶದ ಕಾರ್ಯಕರ್ತರು ಮತ್ತು ಅಲ್ಲಿಯ ಜನ ಸೇರಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ತೆಗೆದರು. ಬಳಸಿದ ಕಂಪ್ಯೂಟರ್, ದುಡ್ಡಿಲ್ಲದೆ ಸಿಗುವ ಸಾಫ್ಟ್‌ವೇರ್, ರಜೆ ದಿನ ಬಂದು ಕಲಿಸೋ ಎಂಜಿನಿಯರುಗಳು. ಕೂಲಿಕಾರರ ಮಕ್ಕಳು ಗಿಂಪ್ ಸಾಫ್ಟ್‌ವೇರಿನಲ್ಲಿ ಬರೆದ ಚಿತ್ರಗಳು ಪ್ರದರ್ಶನ ಕಂಡವು.

ಇನ್ನೊಂದು, ಹುನಗುಂದ ತಾಲ್ಲೂಕಿನವರಿಗೆ ಹತ್ತಿರದ್ದು. ಕೂಡಲಸಂಗಮ ನಮ್ಮ ಮಗ್ಗುಲಲ್ಲೇ ಐತಿ. ವಚನಗಳನ್ನ ಸರ್ಕಾರ 15 ಸಂಪುಟಗಳಲ್ಲಿ ತಂದಿದ್ದರೂ, ಕಂಪ್ಯೂಟರಿನಲ್ಲಿದ್ದ ಅಕ್ಷರ ಹಳೆಯ ಫಾಂಟಿನದು. ಒಂದು ಪದ ಹುಡುಕಬೇಕಂದ್ರೂ ಆಗ್ತಿರಲಿಲ್ಲ. ಕನ್ನಡದ ಕೆಲವು ಸಾಫ್ಟ್‌ವೇರ್ ಹುಡುಗರು ಮತ್ತು ಲೇಖಕರು ಸಂಬಳವಿಲ್ಲದೆ ಕೂತು 20 ಸಾವಿರಕ್ಕೂ ಹೆಚ್ಚು ವಚನಗಳನ್ನ ಯೂನಿಕೋಡ್‌ಗೆ ತಂದು ವಚನ ಸಂಚಯ ಕಟ್ಟಿದರು. ಇವತ್ತು ಇಳಕಲ್‌ನ ಹುಡುಗಿ ಮೊಬೈಲಿನಲ್ಲೇ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ ಅವರನ್ನ ನೇರ ಓದಬಹುದು. "ಕುಲ" ಅನ್ನೋ ಪದ ಯಾರು ಎಷ್ಟು ಸಲ ಬಳಸ್ಯಾರ ಅಂತ ಎಣಿಸಬಹುದು, ಯಾವ ಸ್ವಾಮಿಯ ಅಪ್ಪಣೆಯೂ ಬೇಡ. ತಮಗೆ ತಾವೇ ಹಾಕಿಕೊಂಡ ಪ್ರಶ್ನೆ ಇದು, ಅದಕ್ಕೇ ಉಳೀತು.

ಪ್ರಶ್ನೆ ಬರೆಯೋ ಜಾಗದ ಬೆಲೆ ನಮ್ಮ ಚರಿತ್ರೆಗೆ ಹೊಸದಲ್ಲ. 1919ರಲ್ಲಿ ಬಾಬಾಸಾಹೇಬರು ಸೌತ್‌ಬರೋ ಸಮಿತಿ ಮುಂದೆ ಸಾಕ್ಷಿ ಹೇಳಿದರು. ಆಗ ಪ್ರಶ್ನೆ ಬ್ರಿಟಿಷರದು, ಉತ್ತರ ಅವರದು. 1928ರಲ್ಲಿ ಮುಂಬಯಿ ಸರ್ಕಾರ ಅಸ್ಪೃಶ್ಯರ ಮತ್ತು ಬುಡಕಟ್ಟು ಜನರ ಸ್ಥಿತಿ ತಿಳಿಯಲು ಸ್ಟಾರ್ಟೆ ಸಮಿತಿ ಮಾಡಿದಾಗ ಅವರು ಸದಸ್ಯರಾಗಿ ಒಳಗೆ ಕೂತಿದ್ದರು. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಅದೇ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯೊಳಗೆ. 1930ರ ವರದಿ ವಿದ್ಯಾರ್ಥಿವೇತನ ಬೇಕು, ಹಾಸ್ಟೆಲ್ ಬೇಕು ಅಂತು. ನಾವು ಹಾಸ್ಟೆಲ್ ಅನ್ನ ಉಂಡವರು. ಆ ಅನ್ನದ ಹಿಂದೆ, ಪ್ರಶ್ನೆ ಕೇಳುವ ಕುರ್ಚಿಯಲ್ಲಿ ನಮ್ಮವರೊಬ್ಬರು ಕೂತಿದ್ದ ಚರಿತ್ರೆ ಐತಿ.

ಹಾಗಾದ್ರೆ ನಮ್ಮ ನಾಲ್ಕೂ ಊರಿನ ಪ್ರಶ್ನೆಪತ್ರಿಕೆ ಹೆಂಗಿರಬೇಕು? ನನ್ನ ಪಟ್ಟಿ ಇದು. ನೀವು ಸೇರಿಸ್ರಿ.

1. ಸ್ಕಾಲರ್‌ಶಿಪ್. ಆಧಾರ್‌ನಾಗ ಒಂದು ಹೆಸರು, ಜಾತಿ ಪ್ರಮಾಣಪತ್ರದಾಗ ಇನ್ನೊಂದು, ಮಾರ್ಕ್ಸ್ ಕಾರ್ಡ್‌ನಾಗ ಅಡ್ಡಹೆಸರು ಬಿಟ್ಟಿರ್ತದ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲ್ಲ. ಅರ್ಜಿ ಎಲ್ಲಿ ನಿಂತಿದೆ, ಯಾವ ಕಚೇರಿಗೆ ಯಾವ ಕಾಗದ ಒಯ್ಯಬೇಕು ಅಂತ ಹುಡುಗನಿಗೆ ಕನ್ನಡದಲ್ಲಿ ಮೊದಲೇ ಹೇಳೋ ಸಾಧನ ಬೇಕು.

2. ಸ್ಮಶಾನ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸ್ತದ. ದಲಿತರಿಗೆ ಹೂಳಲು ಜಾಗ ಇರುವ ಊರು ಯಾವುದು, ಇಲ್ಲದ ಊರು ಯಾವುದು, ದಾರಿ ಒತ್ತುವರಿ ಆಗಿದ್ದು ಎಲ್ಲಿ, ಇದರ ನಕ್ಷೆಯನ್ನ ನಾವೇ ಮಾಡಬೇಕು.

3. ತಂದೆಯ ಹೆಸರು. ರಾಜ್ಯದ ಎರಡು ಸಮೀಕ್ಷೆಗಳು, 1993-94ರದು ಮತ್ತು 2007-08ರದು, 46,660 ಮಾಜಿ ದೇವದಾಸಿಯರನ್ನ ಗುರುತಿಸಿದವು. ಪಟ್ಟಿಯ ಹೊರಗೆ ಉಳಿದ ತಾಯಂದಿರು ನಮ್ಮ ಜಿಲ್ಲೆಯಲ್ಲೂ ಅದಾರ. ಅವರ ಮಕ್ಕಳು ಆನ್‌ಲೈನ್ ಅರ್ಜಿ ತುಂಬುವಾಗ ತಂದೆ ಹೆಸರಿನ ಮುಂದೆ ಕೆಂಪು ಚುಕ್ಕಿ, ತುಂಬದಿದ್ರೆ ಮುಂದೆ ಹೋಗಲ್ಲ. ತಂದೆ ಹೆಸರು ಹೇಳಬೇಕಿಲ್ಲ ಅಂತ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಮಸೂದೆಯಲ್ಲಿದೆ. ಯಾವ ಯಾವ ವೆಬ್‌ಸೈಟ್ ಇನ್ನೂ ಕೇಳ್ತಾವ ಅಂತ ಪಟ್ಟಿ ಮಾಡೋದು ಎಂಜಿನಿಯರಿಂಗ್ ಹುಡುಗರಿಗೆ ಒಂದು ಮಧ್ಯಾಹ್ನದ ಕೆಲಸ.

4. ಮಲಪ್ರಭಾ ನೆರೆ. 2019ರ ಆಗಸ್ಟ್‌ನಲ್ಲಿ ಬಾದಾಮಿ, ಹುನಗುಂದ ತಾಲ್ಲೂಕಿನ ಹೊಳೆದಂಡೆ ಊರುಗಳು ಮುಳುಗಿದವು. ಹಕ್ಕುಪತ್ರ ಇಲ್ಲದ ಮನೆ ಬಿದ್ರೆ ಅದನ್ನ ಪರಿಹಾರದ ಪಟ್ಟಿಗೆ ಸೇರಿಸೋದೇ ಒಂದು ಹೋರಾಟ. ನೆರೆ ಬರೋ ಮೊದಲೇ ಕೇರಿಯ ಮನೆ ಮನೆಯ ಫೋಟೊ, ತಾರೀಖು, ಜಾಗ ದಾಖಲಿಸಿಟ್ಟರೆ?

5. ಕಲ್ಲು ಮತ್ತು ವಲಸೆ. ಇಳಕಲ್‌ನ ಕೆಂಪು ಗ್ರಾನೈಟ್ ಜಗತ್ತಿಗೆಲ್ಲ ಹೋಗ್ತದ, ದೂಳು ಕೂಲಿಕಾರನ ಎದೆಯೊಳಗೆ ಉಳೀತದ. ಬಾದಾಮಿಯಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋದವರಿಗೆ ದುಡಿದ ದಿನಗಳ ಲೆಕ್ಕ ಕೈಯಲ್ಲಿಲ್ಲ. ಸಾದಾ ಫೋನಿನಲ್ಲಿ ಮಾತಾಡಿ ಹಾಜರಿ ಬರೆಸೋ ವ್ಯವಸ್ಥೆ ಬೇಕು.

ಇದಕ್ಕೆ ಫೈವ್ ಸ್ಟಾರ್ ಹೋಟೆಲ್ ಬೇಡ. ಒಂದು ಹಾಸ್ಟೆಲ್ ಹಾಲ್, ವಿದ್ಯುತ್, ವೈಫೈ, ಅನ್ನ ಸಾರು ಸಾಕು. ಆದರೆ ಮೂರು ಕಟ್ಟಳೆ ಇರಲಿ. ಒಂದು, ಹಗಲಲ್ಲೇ ನಡೀಬೇಕು. ರಾತ್ರಿಯೆಲ್ಲಾ ಕೂತರೆ ಹಾಸ್ಟೆಲ್ ಗೇಟಿನ ಸಮಯಕ್ಕೆ ನಮ್ಮ ಹೆಣ್ಣುಮಕ್ಕಳು ಹೊರಗುಳೀತಾರ. ಎರಡು, ಮೊದಲ ಅರ್ಧ ದಿನ ಕೀಬೋರ್ಡ್ ಮುಟ್ಟಬಾರದು. ಪೌರಕಾರ್ಮಿಕರು, ಕಲ್ಲು ಒಡೆಯೋರು, ದೇವದಾಸಿ ತಾಯಂದಿರು ಮಾತಾಡಲಿ, ಹುಡುಗರು ಕೇಳಲಿ. ಜಡ್ಜ್‌ಗಳೂ ಅವರೇ. ಮೂರು, ಬಹುಮಾನ ಅವತ್ತೇ ಬೇಡ. ಆರು ತಿಂಗಳಾದ ಮೇಲೂ ಆ ಸಾಫ್ಟ್‌ವೇರನ್ನ ಯಾರಾದರೂ ಬಳಸ್ತಿದ್ದರೆ ಆಗ ಹಾರ ಹಾಕೋಣ.

ದುಡ್ಡು ಎಲ್ಲಿಂದ ಅಂತೀರಾ? ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ ಬಂದು 2013ಕ್ಕೇ ಆಯ್ತು. ನಮ್ಮ ಪಾಲಿನ ದುಡ್ಡಲ್ಲಿ ಪ್ರತಿ ತಾಲ್ಲೂಕಿನ ಹಾಸ್ಟೆಲಿಗೆ ಒಂದು ಕಂಪ್ಯೂಟರ್ ಕೋಣೆ ಕೇಳೋದು ಭಿಕ್ಷೆಯಲ್ಲ. ಬಾಗಲಕೋಟೆಯಲ್ಲಿ 1963ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಓದಿ ಬೆಂಗಳೂರು, ಹೈದರಾಬಾದ್ ಸೇರಿರೋ ನಮ್ಮ ಅಣ್ಣ, ಅಕ್ಕಂದಿರು ವರ್ಷಕ್ಕೆ ಎರಡು ಭಾನುವಾರ ಊರಿಗೆ ಬಂದು ಹುಡುಗರ ಪಕ್ಕ ಕೂರಲಿ. ಪೇ ಬ್ಯಾಕ್ ಟು ಸೊಸೈಟಿ ಅಂತ ಭಾಷಣ ಮಾಡ್ತೀವಲ್ಲ, ಇದೇ ಅದು.

ಯಂತ್ರ ತಾನಾಗೇ ಜಾತಿ ಬಿಡಿಸಲ್ಲ. ಆದರೆ ಮುಂದಿನ ಇಪ್ಪತ್ತು ವರ್ಷ ನಮ್ಮ ರೇಷನ್ನು, ಪಿಂಚಣಿ, ಸ್ಕಾಲರ್‌ಶಿಪ್ಪು, ಜಾತಿಗಣತಿ ಎಲ್ಲಾ ಯಾರೋ ಬರೆದ ಸಾಫ್ಟ್‌ವೇರಿನ ಬಾಗಿಲಿನಿಂದಲೇ ಬರೋದು. ಆ ಬಾಗಿಲಿನ ಚೌಕಟ್ಟು ಮಾಡೋ ಕೋಣೆಯಲ್ಲಿ ನಮ್ಮ ಮಕ್ಕಳು ಇರಬೇಕು, ಉತ್ತರ ಬರೆಯಲಿಕ್ಕಷ್ಟೇ ಅಲ್ಲ, ಪ್ರಶ್ನೆ ಬರೆಯಲಿಕ್ಕೆ.

ನಿಮ್ಮ ಕೇರಿಯ ಒಂದು ಪ್ರಶ್ನೆ ಕೆಳಗೆ ಬರೀರಿ. ಊರಿನ ಹೆಸರು ಇರಲಿ. ನೂರಾದರೆ ಅದನ್ನೇ ಪ್ರಿಂಟ್ ಹಾಕಿಸಿ ಕಾಲೇಜುಗಳಿಗೆ ಕೊಟ್ಟು ಬರೋಣ.

ಜೈ ಭೀಮ್.