‘ಮೌಸ್’ ಗ್ರಂಥದ ಉತ್ತರಭಾಗ

ಒಬ್ಬನೇ ಕವಿಯು ಒಂದು ಕಥೆಯನ್ನು ಎರಡು ಕೃತಿಗಳಾಗಿ ರಚಿಸಿದಲ್ಲಿ ಎರಡನೆಯದು ಮೊದಲನೆಯದನ್ನು ಮೀರಿಸುವುದು ವಿರಳವು. ಭವಭೂತಿಯ ಮಹಾವೀರಚರಿತಕ್ಕಿಂತ ಉತ್ತರರಾಮಚರಿತವು ಮೇಲೆಂಬುದು ಸಹೃದಯರ ಮತ. ಅದರ ಮೊದಲನೆಯ ಅಂಕದಲ್ಲಿ ಸೀತಾರಾಮರು ತಮ್ಮ ಗತಚರಿತ್ರೆಯನ್ನು ಚಿತ್ರಗಳಲ್ಲಿ ಕಂಡು ಮತ್ತೆ ಮರುಗುವರು. ಕಳೆದ ದುಃಖವನ್ನು ಚಿತ್ರಮುಖವಾಗಿ ಕಾಣಿಸುವ ಇಂತಹುದೇ ಕಾರ್ಯವನ್ನು ನಮ್ಮ ಕಾಲದಲ್ಲಿ ಕೈಕೊಂಡವರು ಅಮೆರಿಕದ ಚಿತ್ರಕಾರರಾದ ಆರ್ಟ್ ಸ್ಪೀಗೆಲ್‌ಮನ್ ಅವರು. ಅವರ ‘ಮೌಸ್’ ಎಂಬ ಚಿತ್ರಕಾದಂಬರಿಯ ಪೂರ್ವಭಾಗವು 1986ರಲ್ಲಿಯೂ ಉತ್ತರಭಾಗವು 1991ರಲ್ಲಿಯೂ ಪುಸ್ತಕರೂಪದಲ್ಲಿ ಪ್ರಕಟವಾದುವು.

ಪೋಲೆಂಡಿನ ಯೆಹೂದ್ಯರಾದ ಗ್ರಂಥಕರ್ತರ ತಂದೆ ವ್ಲಾಡೆಕರು ಹಿಟ್ಲರನ ಕಾಲದಲ್ಲಿ ಪಟ್ಟ ಸಂಕಟವೇ ಇದರ ವಸ್ತು. ಪಂಚತಂತ್ರದಲ್ಲಿರುವಂತೆ ಇಲ್ಲಿ ಪ್ರಾಣಿಗಳೇ ಪಾತ್ರಗಳು: ಯೆಹೂದ್ಯರು ಇಲಿಗಳು, ಜರ್ಮನರು ಬೆಕ್ಕುಗಳು. ದಂಪತಿಗಳು 1944ರಲ್ಲಿ ಆಶ್‌ವಿಟ್ಸ್ ಶಿಬಿರದ ಬಾಗಿಲಿಗೆ ಬರುವಲ್ಲಿಗೆ ಅವರ ಪೂರ್ವಭಾಗದ ವೃತ್ತಾಂತವು ನಿಲ್ಲುವುದು. ಮೃತಳಾದ ತಾಯಿಯ ದಿನಚರಿಗಳನ್ನು ತಂದೆಯೇ ಸುಟ್ಟುಹಾಕಿದ್ದನೆಂಬ ಸಂಗತಿಯೂ ಆ ಭಾಗದ ಕೊನೆಯಲ್ಲಿಯೇ ಮಗನಿಗೆ ತಿಳಿಯುವುದು. ಒಂದು ಸಾಕ್ಷ್ಯವು ಬೂದಿಯಾಯಿತು. ಉಳಿದುದು ವೃದ್ಧನೊಬ್ಬನ ನೆನಪು ಮಾತ್ರ.

ಈ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು? ಉತ್ತರಭಾಗದ ಹಿರಿಮೆಯು ಈ ಪ್ರಶ್ನೆಯಲ್ಲಿದೆ. ಶಿಬಿರದಲ್ಲಿ ಕೈದಿಗಳ ವಾದ್ಯಮೇಳವಿದ್ದುದಕ್ಕೆ ದಾಖಲೆಗಳುಂಟು. ತಂದೆಯಾದರೋ, ಕಾವಲುಗಾರರ ಕೂಗಿನ ಹೊರತು ತಾನೇನನ್ನೂ ಕೇಳಲಿಲ್ಲವೆನ್ನುವನು. ಮಗನು ಮೊದಲು ವಾದ್ಯಗಾರರನ್ನು ಸ್ಪಷ್ಟವಾಗಿ ಬರೆದು, ಮುಂದಿನ ಚಿತ್ರದಲ್ಲಿ ಸಾಗುವ ಕೈದಿಗಳ ಸಾಲಿನಿಂದ ಅವರನ್ನು ಮರೆಮಾಡುವನು. ವಾದ್ಯಗಳ ತುದಿಗಳಷ್ಟೇ ಮೇಲೆ ಕಾಣುವುವು. ದಾಖಲೆಯನ್ನು ಅಳಿಸಲಿಲ್ಲ, ತಂದೆಯನ್ನು ಸುಳ್ಳನೆನ್ನಲೂ ಇಲ್ಲ. ಇತಿಹಾಸಕಾರನು ಕಲಿಯಬೇಕಾದ ವಿನಯವು ಇದೇ ಅಲ್ಲವೇ?

ತಂದೆಯು 1982ರಲ್ಲಿ ಗತಿಸಿದನು. ಪೂರ್ವಭಾಗಕ್ಕೆ ಕೀರ್ತಿ ಬಂದ ಮೇಲೆ ಗ್ರಂಥಕರ್ತರು ತಮ್ಮನ್ನೇ ಚಿತ್ರಿಸಿಕೊಂಡ ಬಗೆಯು ಮನಕಲಕುವಂತಹುದು: ಇಲಿಯ ಮುಖವಾಡವನ್ನು ಕಟ್ಟಿಕೊಂಡ ಮನುಷ್ಯನು ಮೇಜಿನ ಮುಂದೆ ಕುಳಿತಿರುವನು, ಕೆಳಗೆ ಹೆಣಗಳ ರಾಶಿ. ಅನ್ಯರ ಮರಣದಿಂದ ತನಗೆ ಯಶಸ್ಸೇ ಎಂಬ ಅಳುಕು ಅದರಲ್ಲಿದೆ. ಜನಾಂಗದ್ವೇಷದಿಂದ ನೊಂದ ತಂದೆಯೇ ಕರಿಯ ಪಥಿಕನೊಬ್ಬನನ್ನು ಹೀಗಳೆದುದನ್ನೂ ಅವರು ಮುಚ್ಚಿಡಲಿಲ್ಲ. ದುಃಖವು ಮನುಷ್ಯನನ್ನು ತಾನಾಗಿಯೇ ಶುದ್ಧಗೊಳಿಸುವುದಿಲ್ಲವೆಂಬ ಕಠಿನ ಸತ್ಯವಿದು.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಉತ್ತರಭಾಗವನ್ನು ಮೊದಲು ಕಲ್ಪಿತ ಗ್ರಂಥಗಳ ಪಟ್ಟಿಯಲ್ಲಿ ಸೇರಿಸಿ, ಗ್ರಂಥಕರ್ತರ ಆಕ್ಷೇಪಣೆಯ ಮೇಲೆ ಅಲ್ಲಿಂದ ತೆಗೆದು ವಾಸ್ತವ ಗ್ರಂಥಗಳ ಪಟ್ಟಿಗೆ ಸೇರಿಸಿತು. 1992ರಲ್ಲಿ ‘ಮೌಸ್’ ಗ್ರಂಥಕ್ಕೆ ವಿಶೇಷ ಪುಲಿಟ್ಜರ್ ಪುರಸ್ಕಾರವು ದೊರೆಯಿತು. ಪೂರ್ವಭಾಗವು ನಡೆದುದನ್ನು ಹೇಳಿತು. ನಡೆದುದನ್ನು ಹೇಳುವುದು ಎಷ್ಟು ದುಷ್ಕರವೆಂಬುದನ್ನು ಉತ್ತರಭಾಗವು ತೋರಿತು. ಹಿರಿಯರ ಬಾಯಿಂದ ಮನೆತನದ ಚರಿತ್ರೆಯನ್ನು ಬರೆದುಕೊಳ್ಳುವವರೆಲ್ಲರೂ ಇದನ್ನು ಮನನಮಾಡುವುದು ಯುಕ್ತವು.